ಮಿಸ್ ಅರ್ಡೀಲಿಯಾ ಬೋರ್ಡಿನ ಕಡೆ ತಿರುಗಿದಾಗ

ಮೂರನೇ ತರಗತಿಯ ಮಕ್ಕಳನ್ನು ಊಟದ ಕೋಣೆಗೆ ಕರೆದುಕೊಂಡು ಹೋಗುವಾಗ ಮಿಸ್ ಅರ್ಡೀಲಿಯಾ ಟಾಲಿವರ್ ಹಿಂದುಹಿಂದಕ್ಕೆ ನಡೆಯುತ್ತಿದ್ದಳು. ಮುಖ ಮಕ್ಕಳ ಕಡೆ, ಬೆನ್ನು ಹೋಗಬೇಕಾದ ಕಡೆ. ಒಂದು ಕೈ ಗೋಡೆ ಸವರುತ್ತ ತಿರುವು ಎಲ್ಲಿದೆ ಎಂದು ತಿಳಿದುಕೊಳ್ಳುತ್ತಿತ್ತು, ಇನ್ನೊಂದು ಕೈ ಸಾಲಿನಲ್ಲಿ ತಳ್ಳಾಡುವವರ ಕಡೆ ಬೆರಳು ತೋರಿಸುತ್ತಿತ್ತು. ಕೋಲ್‌ಬ್ರೂಕಿನ ಅರ್ಧ ಊರು ಚಿಕ್ಕಂದಿನಲ್ಲಿ ಈ ನಡಿಗೆಯನ್ನು ಹಿಂಬಾಲಿಸಿದೆ. ಅವಳು ಎಡವಿ ಬಿದ್ದದ್ದನ್ನು ಕಂಡವರಿಲ್ಲ. ಕಂಡಿದ್ದರೂ ಬಾಯಿಬಿಡುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನಿ.

ಬೋರ್ಡಿನ ಮೇಲೆ ಬರೆಯುವಾಗಲೂ ಅಷ್ಟೇ. ಪಕ್ಕಕ್ಕೆ ನಿಂತು, ಅರ್ಧ ಮುಖವನ್ನು ಮಕ್ಕಳ ಕಡೆಗೇ ಇಟ್ಟುಕೊಂಡು, ತೋಳು ಚಾಚಿ ಬರೆಯುತ್ತಿದ್ದಳು. ಅದರಿಂದ ಅವಳ ಸಾಲುಗಳೆಲ್ಲ ಇಳಿಜಾರಿಗೆ ಬಿದ್ದಿರುತ್ತಿದ್ದವು. "ಮಕ್ಕಳಿಗೆ ಬೆನ್ನು ತೋರಿಸಬಾರದು" ಎಂದು ಹೊಸದಾಗಿ ಬಂದ ಟೀಚರುಗಳಿಗೆ ಹೇಳುವಳು. ಯಾಕೆ ಎಂದು ಕೇಳಿದರೆ ಮಾತು ಬದಲಿಸುವಳು.

ಆ ವರ್ಷ ಜನವರಿಯಲ್ಲಿ ಶಾಲೆಯ ಗೇಟಿನ ಎದುರು ಒಂದು ಹಸಿರು ಟ್ರಕ್ಕು ಬಂದು ನಿಂತಿತು. ಕ್ಯಾಪ್ ಹಾಕಿದ ಬಿಳಿಯ, ನಡುವಯಸ್ಸಿನವನು, ಕಿಟಕಿ ಇಳಿಸಿಕೊಂಡು ನೆಲಗಡಲೆ ತಿನ್ನುತ್ತ ಕೂತಿರುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಎಂಜಿನ್ನನ್ನು ಆರಿಸುತ್ತಲೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಸ್ತೆಯ ಅಂಚಿನಲ್ಲಿ ಸಿಪ್ಪೆಯ ಗುಡ್ಡೆ ಬಿದ್ದಿರುತ್ತಿತ್ತು, ಮರುದಿನ ಅದರ ಮೇಲೆ ಇನ್ನಷ್ಟು. ಮಿಸ್ ಅರ್ಡೀಲಿಯಾ ಡಾಕ್ಟರ್ ಕಿಂಗ್ ಅವರ ಪಾಠ ಶುರು ಮಾಡಿದ ಮರುದಿನದಿಂದಲೇ ಅವನು ಬರತೊಡಗಿದ್ದು. ಪಾಠದ ಸುದ್ದಿ ಅವನಿಗೆ ಯಾರು ಮುಟ್ಟಿಸಿದರು ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಅಲಬಾಮದಲ್ಲಿ ಇಂಥ ಸುದ್ದಿಗೆ ಕಾಲು ತಾನಾಗಿಯೇ ಹುಟ್ಟುತ್ತದೆ.

ಇಡೀ ದೇಶ ಡಾಕ್ಟರ್ ಕಿಂಗ್ ಅವರ ಹೆಸರಿನಲ್ಲಿ ರಜೆ ಮಾಡಲಿದ್ದ ಮೊದಲ ವರ್ಷ ಅದು. ಶಾಲೆಯಲ್ಲಿ ಅವರದೊಂದು ಚಿತ್ರವೂ ಇರಲಿಲ್ಲ. ಅರ್ಡೀಲಿಯಾ ತನ್ನ ಚರ್ಚಿನಿಂದ ರಟ್ಟಿನ ಬೀಸಣಿಗೆಗಳನ್ನು ತಂದಳು. ಬೇಸಗೆಯಲ್ಲಿ ಪ್ರವಚನ ಉದ್ದವಾದಾಗ ಎಲ್ಲರೂ ಬೀಸಿಕೊಳ್ಳುವ ಬೀಸಣಿಗೆ. ಒಂದು ಬದಿಗೆ ಡಾಕ್ಟರ್ ಕಿಂಗ್ ಅವರ ಮುಖ, ಇನ್ನೊಂದು ಬದಿಗೆ ಅದನ್ನು ಪುಕ್ಕಟೆ ಹಂಚಿದ ಗ್ರೇಡಿ ಶವಸಂಸ್ಕಾರದ ಅಂಗಡಿಯ ಜಾಹೀರಾತು: ನಿಮ್ಮ ಕೊನೆಯ ಪಯಣಕ್ಕೆ ನಾವಿದ್ದೇವೆ.

"ಮಿಸ್ ಅರ್ಡೀಲಿಯಾ, ಇವ್ರು ಹೆಣದ ಪೆಟ್ಟಿಗೆ ಮಾರ್ತಿದ್ರಾ?" ಎಂದು ಕೇಳಿದಳು ಶರ್ಮೇನ್. ಅವಳು ಊಟದ ಕೋಣೆಯಲ್ಲಿ ಅಡುಗೆ ಮಾಡುವ ಅರ್ಲೀನಳ ಮಗಳು. ಎಂಟು ವರ್ಷ, ಬಾಯಿಗೆ ಬೀಗವಿಲ್ಲ.

"ಇಲ್ಲ ಕಣೇ. ಪಾದ್ರಿಯಾಗಿದ್ರು. ನಮ್ಮಂಥ ಕರಿಯರಿಗೆ ವೋಟು ಹಾಕೋಕೆ, ಬಸ್ಸಲ್ಲಿ ಮುಂದಿನ ಸೀಟಲ್ಲಿ ಕೂರೋಕೆ ಹಕ್ಕು ಬೇಕು ಅಂತ ನಡೆದ್ರು. ಅವರ ಹಿಂದೆ ನಾವೂ ನಡೆದ್ವಿ."

"ಮತ್ತೆ ಕ್ಯಾಲೆಂಡರಲ್ಲಿ ಅವರ ಪಕ್ಕ ಇನ್ನೊಬ್ರ ಹೆಸರಿದೆಯಲ್ಲ, ಅವ್ರು ಯಾರು? ಫ್ರೆಂಡಾ?"

ಗೋಡೆಯ ಮೇಲೆ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರಿತ್ತು. ನಮ್ಮ ರಾಜ್ಯದ ಜಾಣತನ ನೋಡಿ, ಡಾಕ್ಟರ್ ಕಿಂಗ್ ಅವರ ರಜೆಯನ್ನೂ ಜನರಲ್ ಲೀ ಅವರ ರಜೆಯನ್ನೂ ಒಂದೇ ಚೌಕದಲ್ಲಿ ತುರುಕಿದ್ದರು. ಗುಲಾಮರನ್ನು ಬಿಟ್ಟುಕೊಡಲಾರೆವೆಂದು ಯುದ್ಧಕ್ಕಿಳಿದ ಪಾಳೆಯದ ದಂಡನಾಯಕ ಆತ. ಅರ್ಡೀಲಿಯಾ ಕಿಟಕಿಯಾಚೆ ಟ್ರಕ್ಕಿನ ಕಡೆ ಒಮ್ಮೆ ನೋಡಿದಳು.

"ಫ್ರೆಂಡಲ್ಲ," ಎಂದಳು. "ಇಬ್ಬರನ್ನೂ ಒಂದೇ ಮನೇಲಿ ಬಾಡಿಗೆಗೆ ಇಟ್ಟಿದಾರೆ, ಅಷ್ಟೇ."

ಮಕ್ಕಳು ನಕ್ಕರು. ಅವಳು ನಗಲಿಲ್ಲ.

ರಜೆಯ ಸೋಮವಾರ ಬೆಳಗ್ಗೆ ಹತ್ತಕ್ಕೆ ಕೋರ್ಟಿನ ಮೆಟ್ಟಿಲ ಮೇಲೆ ಹಾಡುವುದೆಂದು ಚರ್ಚಿನವರು ಗೊತ್ತುಮಾಡಿದ್ದರು. ಶಾಲೆಯಿಂದ ಮಕ್ಕಳೂ ಸಾಲಾಗಿ ನಡೆದು ಬರಬೇಕು, ಬೀಸಣಿಗೆ ಹಿಡಿದು ಬರಬೇಕು ಎಂಬುದು ಅರ್ಡೀಲಿಯಾಳ ಆಸೆ. ಆದರೆ ಜಿಲ್ಲಾ ಶಿಕ್ಷಣ ಕಚೇರಿಯಿಂದ ಫೋನು ಬಂತು. ಬಿರುಗಾಳಿಗೆ ಕಳೆದುಹೋದ ದಿನವನ್ನು ತುಂಬಿಕೊಳ್ಳಬೇಕಂತೆ, ಸೋಮವಾರ ಶಾಲೆ ಇದ್ದೇ ಇದೆಯಂತೆ, ಮಕ್ಕಳನ್ನು ಹೊರಗೆ ಬಿಟ್ಟ ಟೀಚರು ಮಂಗಳವಾರ ಬರಬೇಕಾಗಿಲ್ಲವಂತೆ. ಬಿರುಗಾಳಿ ಬಂದದ್ದು ಹಿಂದಿನ ವರ್ಷ.

ಶುಕ್ರವಾರ ಬೆಳಗ್ಗೆ ಗೇಟಿಗೆ ಏನೋ ಕಟ್ಟಿತ್ತು. ಮೊದಲು ಕಂಡ ಮಕ್ಕಳು ಹಾವೆಂದು ಕಿರುಚಿದರು. ಹತ್ತಿರ ಹೋಗಿ ನೋಡಿದರೆ ದಪ್ಪ ಬಟ್ಟೆಯ ಹಳೆಯ ಕೊಳವೆ, ತುದಿಗೆ ಹಿತ್ತಾಳೆಯ ಮೂತಿ. ಬೆಂಕಿ ಆರಿಸುವವರು ನೀರು ಹಾರಿಸುವ ಕೊಳವೆ. ಮಕ್ಕಳಿಗೇನು ಗೊತ್ತು? ಬಿಚ್ಚಿಕೊಂಡು ಎರಡು ಗುಂಪಾಗಿ ಹಗ್ಗಜಗ್ಗಾಟಕ್ಕೆ ನಿಂತರು. ಶರ್ಮೇನ್ ಹಿತ್ತಾಳೆಯ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು "ಎಳೀರ್ರೋ!" ಎಂದು ಕೂಗುತ್ತಿದ್ದಳು. ಎದುರುಗಡೆ ಟ್ರಕ್ಕಿನವನು ಕಡಲೆ ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದ.

"ಬಿಡ್ರೋ ಅದನ್ನ! ಕೆಳಗೆ ಹಾಕ್ರೀ!"

ಹೆಡ್‌ಮಾಸ್ಟರ್ ಕ್ಲಿಯೋಫಸ್ ರಡ್ ಅಂಗಳಕ್ಕೆ ಓಡಿಬಂದ. ಅವನು ದನಿ ಎತ್ತಿದ್ದನ್ನು ಮಕ್ಕಳು ಅದುವರೆಗೆ ಕೇಳಿರಲಿಲ್ಲ. ಕೊಳವೆಯನ್ನು ಕಿತ್ತುಕೊಂಡು, ಸುತ್ತಿ, ಕಸದ ಡ್ರಮ್ಮಿಗೆ ಹಾಕಿದ. ಆಮೇಲೆ ಡ್ರಮ್ಮಿನ ಅಂಚು ಹಿಡಿದು ಬಗ್ಗಿ, ಬೆಳಗ್ಗೆ ತಿಂದದ್ದನ್ನೆಲ್ಲ ಕಕ್ಕಿದ.

ಇಪ್ಪತ್ತಮೂರು ವರ್ಷದ ಹಿಂದೆ ಈ ಕ್ಲಿಯೋಫಸ್ ಅರ್ಡೀಲಿಯಾಳ ವಿದ್ಯಾರ್ಥಿ. ಆಗ ಅವಳು ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಪಕ್ಕದ ಬರ್ಮಿಂಗ್‌ಹ್ಯಾಮಿನಲ್ಲಿ ಕರಿಯರ ಹಕ್ಕಿಗಾಗಿ ಮಕ್ಕಳೇ ಬೀದಿಗಿಳಿದ ಆ ಮೇ ತಿಂಗಳಿನಲ್ಲಿ, ಹೋಗಿ ಎಂದ ಟೀಚರಿಗೆ ಕೆಲಸ ಹೋಗುತ್ತಿತ್ತು, ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಅದಕ್ಕೆ ಅನೇಕ ಟೀಚರುಗಳು ಒಂದು ಉಪಾಯ ಕಂಡುಕೊಂಡರು. ಬೋರ್ಡಿನ ಕಡೆ ತಿರುಗಿ ನಿಲ್ಲುವುದು, ಏನನ್ನಾದರೂ ಬರೆಯುತ್ತ ಹೋಗುವುದು. ಹಿಂದೆ ಕುರ್ಚಿಗಳ ಸದ್ದಾಗುತ್ತದೆ, ಕಿಟಕಿ ತೆರೆಯುತ್ತದೆ. ಮತ್ತೆ ತಿರುಗುವಷ್ಟರಲ್ಲಿ ಕೋಣೆ ಖಾಲಿ. ನಾನು ನೋಡಲಿಲ್ಲ ಸಾರ್ ಎಂದು ಹೇಳಬಹುದು, ಅದು ಸುಳ್ಳೂ ಅಲ್ಲ. ಅರ್ಡೀಲಿಯಾಳೂ ಹಾಗೆಯೇ ತಿರುಗಿ ನಿಂತಿದ್ದಳು. ಅದು ಧೈರ್ಯವೆಂದು ಊರೆಲ್ಲ ಹೊಗಳಿತು, ಈಗಲೂ ಹೊಗಳುತ್ತದೆ. ಅವಳ ಎದೆಯೊಳಗೆ ಮಾತ್ರ ಆ ಹೊಗಳಿಕೆ ಮುಳ್ಳಾಗಿ ಕೂತಿತ್ತು. ಅಂದು ಕಿಟಕಿ ಹಾರಿದ ಹನ್ನೆರಡು ವರ್ಷದ ಕ್ಲಿಯೋಫಸ್‌ನ ಎಡಗಿವಿಗೆ, ಮೆರವಣಿಗೆ ಚದುರಿಸಲು ಪೊಲೀಸರು ಬಿಡಿಸಿದ ಕೊಳವೆಯ ನೀರು ನೇರವಾಗಿ ಬಡಿಯಿತು. ಆ ಕಿವಿ ಮತ್ತೆ ಕೇಳಲಿಲ್ಲ.

ಅವಳು ಅವನ ಬಲಗಡೆ ಬಂದು ನಿಂತು ಕರ್ಚೀಫು ಕೊಟ್ಟಳು.

"ಸೋಮವಾರ ಯಾರೂ ಗೇಟು ದಾಟಬಾರದು ಮಿಸ್ ಅರ್ಡೀಲಿಯಾ," ಎಂದ ಅವನು ಬಾಯಿ ಒರೆಸಿಕೊಳ್ಳುತ್ತ.

"ಕ್ಲಿಯೋಫಸ್, ಈ ಮಕ್ಕಳಿಗೆ ಆ ಕೊಳವೆ ಏನು ಅಂತಲೇ ಗೊತ್ತಿಲ್ಲ. ಹಗ್ಗ ಅಂದ್ಕೊಂಡ್ರು. ಹೇಳಿಕೊಡಬೇಡ್ವಾ?"

"ಗೊತ್ತಿಲ್ದೇ ಇರ್ಲಿ! ಹಗ್ಗ ಅಂತಲೇ ಅಂದ್ಕೊಳ್ಲಿ. ನಾನು ತಿಳ್ಕೊಂಡಿದ್ದು ಸಾಲದಾ?"

"ನಾಲ್ಕು ಬೀದಿ ಅಷ್ಟೇ. ನಾನು ಜೊತೆಗಿರ್ತೀನಿ."

"ಅವತ್ತು ನೀವು ಜೊತೆಗಿರ್ಲಿಲ್ಲ." ಅವನ ದನಿ ತಗ್ಗಿತು. "ನಿಮ್ಮನ್ನ ದೂರ್ತಿಲ್ಲ. ಆದ್ರೆ ನಮಗೆ ಏನಾಯ್ತು ಅಂತ ನೀವು ನೋಡ್ಲಿಲ್ಲ. ನೀವು ಬೋರ್ಡ್ ಕಡೆ ನೋಡ್ತಿದ್ರಿ."

ಬೇರೆ ಯಾರು ಹೇಳಿದ್ದರೂ ಅವಳು ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದಳು. ಇವನ ಮಾತು ನಿಜವೆಂದು ಅವಳಿಗೆ ಗೊತ್ತಿತ್ತು. ನೋವಾಯಿತು, ನಾಚಿಕೆಯೂ ಆಯಿತು. "ಆಯ್ತಪ್ಪ," ಎಂದಳು. "ಯಾರೂ ಹೋಗಲ್ಲ."

ಊಟದ ಹೊತ್ತಿನಲ್ಲಿ ಅರ್ಲೀನ್ ತಟ್ಟೆಗೆ ಸೊಪ್ಪು ಬಡಿಸುತ್ತ ಪಿಸುಗುಟ್ಟಿದಳು: "ನಮ್ಮಮ್ಮ ಶರ್ಮೇನಳಿಗೆ ನಿಮ್ಮ ಹಳೇ ಕತೆಯೆಲ್ಲ ಹೇಳಿಬಿಟ್ಟಿದಾಳೆ. ಹುಡುಗಿ ರಾತ್ರಿಯೆಲ್ಲ ಅದೇ ಮಾತು."

"ಇನ್ನೇನು ಹೇಳಿದ್ಲು? ನಾನು ಹಾರ್ತಿದ್ದೆ ಅಂತಲಾ?" ಎಂದು ಅರ್ಡೀಲಿಯಾ ತಟ್ಟೆ ಎತ್ತಿಕೊಂಡು ಹೋದಳು. ಯಾವ ಕತೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಸೋಮವಾರ ಚಳಿ ಬಿದ್ದಿತ್ತು. ಬ್ಯಾಂಕು, ಅಂಚೆ ಕಚೇರಿ, ಕೋರ್ಟು ಎಲ್ಲ ಬಾಗಿಲು ಹಾಕಿದ್ದವು. ಊರು ಉಸಿರು ಬಿಗಿಹಿಡಿದು ಕೂತಂತಿತ್ತು. ಟ್ರಕ್ಕು ಮಾತ್ರ ಎಂದಿನಂತೆ ಬಂತು, ಇಂದು ಗೇಟಿಗೆ ಇನ್ನಷ್ಟು ಹತ್ತಿರ ನಿಂತಿತು. ಅರ್ಡೀಲಿಯಾ ಕಿಟಕಿಯ ಪರದೆ ಎಳೆದಳು. ಮಕ್ಕಳು ಬೀಸಣಿಗೆಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ಕೋಟು ಬಿಚ್ಚದೆ ಕೂತಿದ್ದರು.

"ಕೋಟು ಬಿಚ್ಚಿ ತೂಗುಹಾಕಿ. ಇವತ್ತು ಎಲ್ಲೂ ಹೋಗ್ತಿಲ್ಲ."

ಯಾರೂ ಏಳಲಿಲ್ಲ. ಕೋಟನ್ನೂ ಬಿಚ್ಚಲಿಲ್ಲ. ಬೀಸಣಿಗೆಯ ಮೇಲಿನ ಮುಖ, ಅದರ ಹಿಂದೆ ಮಕ್ಕಳ ಮುಖ, ಎಲ್ಲವೂ ತನ್ನನ್ನೇ ನೋಡುತ್ತಿವೆ ಎನಿಸಿತು ಅವಳಿಗೆ. ದೂರದ ಕೋರ್ಟಿನ ಕಡೆಯಿಂದ ಹಾಡು ಶುರುವಾದದ್ದು ಗಾಳಿಯಲ್ಲಿ ತೇಲಿಬಂತು. ಅವಳ ಕಣ್ಣು ತುಂಬಿತು. ಮಕ್ಕಳ ಮುಂದೆ ಅಳಬಾರದೆಂದು ಸೀಮೆಸುಣ್ಣ ಎತ್ತಿಕೊಂಡು ಪೂರ್ತಿ ಬೋರ್ಡಿನ ಕಡೆ ತಿರುಗಿ, ಒಂದು ಗುಣಾಕಾರದ ಲೆಕ್ಕ ಬರೆಯತೊಡಗಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಸಾಲು ನೆಟ್ಟಗೆ ಬಂತು.

ಹಿಂದೆ ಒಂದು ಕುರ್ಚಿ ಸರಿಯಿತು. ಮತ್ತೊಂದು. ಆಮೇಲೆ ಹಲವು. ಆ ಸದ್ದನ್ನು ಅವಳ ಮೈ ಮರೆತಿರಲಿಲ್ಲ, ಆದರೆ ಇದು ಇಂದಿನದು ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಹಳೆಯದೇ ಮತ್ತೆ ಕೇಳುತ್ತಿದೆ ಎಂದುಕೊಂಡು ಬರೆಯುತ್ತಲೇ ಇದ್ದಳು. ತಿರುಗುವಷ್ಟರಲ್ಲಿ ಕೋಣೆ ಖಾಲಿ. ಬಾಗಿಲು ತೆರೆದಿತ್ತು.

ಶರ್ಮೇನಳ ಅಜ್ಜಿ ಹೇಳಿದ ಕತೆ ಯಾವುದೆಂದು ಆಗ ಅವಳಿಗೆ ಹೊಳೆಯಿತು. ಟೀಚರು ಬಾಯಲ್ಲಿ ಬೇಡ ಅಂತಾರೆ, ಬೋರ್ಡಿನ ಕಡೆ ತಿರುಗಿದ್ರೆ ಹೋಗಿ ಅಂತ ಅರ್ಥ. ಎಂದೂ ಬೆನ್ನು ತೋರಿಸದವಳು ಬೆನ್ನು ತೋರಿಸಿದ್ದಳು. ಮಕ್ಕಳು ಇನ್ನೇನು ತಿಳಿದುಕೊಂಡಾರು?

ಅರ್ಡೀಲಿಯಾ ಕೋಟನ್ನೂ ಹಾಕಿಕೊಳ್ಳದೆ ಓಡಿದಳು. ಹಜಾರದಲ್ಲಿ ಕ್ಲಿಯೋಫಸ್ ನೋಟೀಸು ಬೋರ್ಡಿಗೆ ಏನೋ ಚುಚ್ಚುತ್ತಿದ್ದ. ಇಪ್ಪತ್ತಾರು ಮಕ್ಕಳು ಅವನ ಎಡಗಡೆಯಿಂದ, ಬೆಕ್ಕಿನ ಹೆಜ್ಜೆಯಲ್ಲಿ ದಾಟಿಹೋಗಿದ್ದರು. ಅವನಿಗೆ ಗೊತ್ತೇ ಆಗಿರಲಿಲ್ಲ. ಅವಳು ತೋಳು ಹಿಡಿದು ಎಳೆದಳು.

"ಹೋದ್ರು ಕಣೋ. ನಾನು ತಿರುಗಿದೆ, ಹೋಗಿಬಿಟ್ರು."

ಇಬ್ಬರೂ ಅಂಗಳಕ್ಕೆ ಬಂದಾಗ ಮಕ್ಕಳು ಗೇಟು ದಾಟಿ, ಇಬ್ಬಿಬ್ಬರು ಕೈ ಹಿಡಿದುಕೊಂಡು, ಅವಳು ಕಲಿಸಿದ ಹಾಗೆಯೇ ಅಚ್ಚುಕಟ್ಟಾಗಿ ಹೋಗುತ್ತಿದ್ದರು. ಕೂಗಿ ಕರೆಯಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಹಸಿರು ಟ್ರಕ್ಕು ಮೆಲ್ಲಗೆ ಮುಂದೆ ಸರಿದು ಮಕ್ಕಳಿಗೂ ಗೇಟಿಗೂ ನಡುವೆ ಬಂತು. ಈಗ ಕರೆದರೆ ಮಕ್ಕಳು ಅದರ ಬಾಯಿಗೇ ಬರಬೇಕು.

"ಹಿಂದೆ ನೀನು ಇರು," ಎಂದಳು ಕ್ಲಿಯೋಫಸ್‌ಗೆ. "ಕೊನೇ ಮಗುವಿನ ಹಿಂದೆ. ಮುಂದೆ ನಾನು ಹೋಗ್ತೀನಿ."

"ಟ್ರಕ್ಕು ಬೆನ್ನಿಗೇ ಬಂದ್ರೂ ನನಗೆ ಗೊತ್ತಾಗಲ್ಲ, ಮಿಸ್ ಅರ್ಡೀಲಿಯಾ. ಎಷ್ಟು ಹತ್ರ ಅಂತ ಈ ಕಿವಿಗೆ ತಿಳಿಯಲ್ಲ."

"ನನ್ನ ಕೈ ನೋಡು. ನಾನು ಹೇಳ್ತೀನಿ."

ಇಬ್ಬರೂ ಟ್ರಕ್ಕನ್ನು ಬಳಸಿ ಓಡಿದರು. ಅವನು ಕೊನೆಯ ಮಗುವಿನ ಹಿಂದೆ ಸೇರಿಕೊಂಡ, ಅವಳು ಸಾಲಿನ ಮುಂದೆ ಹೋಗಿ, ಮಕ್ಕಳ ಕಡೆ ಮುಖ ಮಾಡಿ, ಹಿಂದುಹಿಂದಕ್ಕೆ ನಡೆಯತೊಡಗಿದಳು. ಮಕ್ಕಳು ಇದು ಊಟದ ಕೋಣೆಯ ನಡಿಗೆಯೆಂದೇ ಖುಷಿಪಟ್ಟರು. "ನಾವು ಸರಿಯಾಗಿ ತಿಳ್ಕೊಂಡ್ವಾ ಮಿಸ್?" ಎಂದು ಕೇಳಿದಳು ಮೊದಲ ಸಾಲಿನಲ್ಲಿದ್ದ ಶರ್ಮೇನ್.

"ಮುಂದೆ ನೋಡ್ಕೊಂಡು ನಡಿ," ಎಂದಳು ಅವಳು. ಸರಿ ಎನ್ನಲೂ ಆಗಲಿಲ್ಲ, ತಪ್ಪು ಎನ್ನಲೂ ಆಗಲಿಲ್ಲ.

ಅವಳ ಕಣ್ಣಿಗೆ ಮಕ್ಕಳು ಎತ್ತಿ ಹಿಡಿದ ಬೀಸಣಿಗೆಗಳ ಮೇಲಿನ ಒಂದೇ ಮುಖ ಸಾಲುಸಾಲಾಗಿ ಕಾಣುತ್ತಿತ್ತು. ಟ್ರಕ್ಕಿನವನಿಗೆ ಕಾಣುತ್ತಿದ್ದುದು ಗ್ರೇಡಿಯ ಅಂಗಡಿಯ ಜಾಹೀರಾತು. ಟ್ರಕ್ಕು ನಡೆಯುವವರ ವೇಗದಲ್ಲೇ ಬರುತ್ತಿತ್ತು. ಒಮ್ಮೆ ಹಿಂದೆ ಬೀಳುವುದು, ಒಮ್ಮೆ ಕ್ಲಿಯೋಫಸ್‌ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬರುವುದು. ಸೀಮೆಸುಣ್ಣ ಹಿಡಿದ ಕೈಯನ್ನೇ ಎತ್ತಿ ಅವಳು ಅವನಿಗೆ ಸನ್ನೆ ಮಾಡುತ್ತಿದ್ದಳು: ಹತ್ತಿರ ಬಂತು, ಬೇಗ ನಡಿ. ದೂರವಿದೆ, ನಿಧಾನ. ಅವನು ಒಮ್ಮೆಯೂ ಹಿಂದೆ ತಿರುಗದೆ ಅವಳ ಕೈಯನ್ನೇ ನೋಡುತ್ತ ನಡೆದ. ಅವನ ಮುಖ ಮತ್ತೆ ಹನ್ನೆರಡು ವರ್ಷದ ಹುಡುಗನದಾಗಿತ್ತು. ಅಂದು ಅವನು ಹೀಗೆಯೇ ಕಂಡಿದ್ದನೇನೋ. ಅವಳು ಈಗ ನೋಡುತ್ತಿದ್ದಳು.

ಹಿಮ್ಮಡಿಗೆ ಕಲ್ಲಿನ ಮೆಟ್ಟಿಲು ತಾಗಿದಾಗಲೇ ಕೋರ್ಟು ಬಂತೆಂದು ಅವಳಿಗೆ ತಿಳಿದದ್ದು. ಮೆಟ್ಟಿಲ ಮೇಲಿದ್ದ ಚರ್ಚಿನ ಹಿರಿಯರು ಮಕ್ಕಳನ್ನು ಕಂಡು ಹಾಡು ನಿಲ್ಲಿಸಿದರು, ಅವರ ಹಿಂದೆ ಬಂದದ್ದನ್ನು ಕಂಡು ಮತ್ತೆ ಗಟ್ಟಿಯಾಗಿ ಶುರು ಮಾಡಿದರು. ಟ್ರಕ್ಕು ರಸ್ತೆಗೆ ಅಡ್ಡಲಾಗಿ ನಿಂತಿತು. ಎಂಜಿನ್ನು ಆರಲಿಲ್ಲ. ಕಿಟಕಿಯಿಂದ ನೆಲಗಡಲೆಯ ಸಿಪ್ಪೆ ಬೀಳತೊಡಗಿತು. ಅವನಿಗೆ ಅವಸರವೇನೂ ಇದ್ದಂತಿರಲಿಲ್ಲ.

ಹಾಡು ಮುಗಿಯಿತು. ಹಿರಿಯರು ಕೋಟಿನ ಕಾಲರು ಮೇಲೆತ್ತಿಕೊಂಡು ಮಕ್ಕಳ ಸುತ್ತ ಬಂದು ನಿಂತರು. ಕ್ಲಿಯೋಫಸ್ ತನ್ನ ಕೋಟು ಬಿಚ್ಚಿ ಅರ್ಡೀಲಿಯಾಳ ಹೆಗಲಿಗೆ ಹಾಕಿದ. ಶಾಲೆಗೆ ಹಿಂತಿರುಗಲು ಇದ್ದದ್ದು ಟ್ರಕ್ಕು ನಿಂತಿದ್ದ ಅದೊಂದೇ ದಾರಿ.

ಶರ್ಮೇನ್ ಅವಳ ಲಂಗ ಜಗ್ಗಿದಳು. "ವಾಪಸ್ ಹೋಗುವಾಗ್ಲೂ ಹಿಂದೆ ಹಿಂದೆ ನಡೀತೀರಾ ಮಿಸ್?"

ಅರ್ಡೀಲಿಯಾ ಟ್ರಕ್ಕಿನ ಕಡೆ ನೋಡಿದಳು. ಮಗುವಿನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಇಲ್ಲ ಮಗಾ," ಎಂದಳು. "ಈಗ ಅದು ಎದುರಿಗೇ ಇದೆಯಲ್ಲ."