ಎರಡು ದಿಂಬು, ಒಂದು ಟವೆಲ್

ಸಂಡೂರಿನ ಕಡೆಯ ಕೆಂಪು ಧೂಳಿಗೆ ಹೊಸಪೇಟೆಯ ನಮ್ಮ ಮನೆ ತವರಿದ್ದಂತೆ. ಹೇಳದೆ ಕೇಳದೆ ಬಂದು ಕೂರುತ್ತದೆ. ಮಲಗುವ ಕೋಣೆಯ ಚಿತ್ರದ ಚೌಕಟ್ಟನ್ನಂತೂ ದಿನಾ ಒರೆಸಬೇಕು. ಕಡ್ಡಿರಾಂಪುರದ ಹೋಂಸ್ಟೇ ಒಂದು ಮುಚ್ಚಿದಾಗ ನಮ್ಮವರು ಹೊತ್ತು ತಂದ ಅಗ್ಗದ ಪ್ರತಿ ಅದು. ಇಂಪ್ರೆಷನಿಸ್ಟರೆಂಬ ಫ್ರೆಂಚ್ ಚಿತ್ರಕಾರರ ನಂತರದ ತಲೆಮಾರಿನ ಕಲಾವಿದನೊಬ್ಬ ಬಿಡಿಸಿದ ತನ್ನದೇ ಮಲಗುವ ಕೋಣೆ: ನೀಲಿ ಗೋಡೆ, ಹಳದಿ ಮಂಚ, ಎರಡು ಕುರ್ಚಿ, ಎರಡು ದಿಂಬು. ಗೂಟಕ್ಕೆ ಮಾತ್ರ ಒಂದೇ ಟವೆಲ್.

ಒಂಟಿ ಮನುಷ್ಯನಿಗೆ ಎರಡು ದಿಂಬೇಕೆ ಎಂಬುದು, ಓದುಗ ಮಿತ್ರರೇ, ನನ್ನನ್ನು ಬಹಳ ಕಾಡಿದ ಪ್ರಶ್ನೆ. ಬಲ್ಲವರು ಅದನ್ನು ಗೆಳೆತನದ ಹಂಬಲ ಎನ್ನುತ್ತಾರೆ. ನಾನು ಬಲ್ಲವಳಲ್ಲ, ಗಂಡನನ್ನು ಕಳೆದುಕೊಂಡವಳು. ಹೋದವರ ಜಾಗವೆಂದೇ ಓದಿಕೊಂಡೆ. ನಮ್ಮಲ್ಲಿ ತೀರಿಕೊಂಡವರ ಹಾಸಿಗೆ ದಿಂಬುಗಳನ್ನು ದಾನ ಕೊಟ್ಟುಬಿಡುವುದು ಪದ್ಧತಿ. ಹಾಸಿಗೆ ಕೊಟ್ಟೆ, ಹೊದಿಕೆ ಕೊಟ್ಟೆ. ಅವರ ಬೂರುಗದ ಹತ್ತಿಯ ದಿಂಬನ್ನು ಮಾತ್ರ, ಹಿರಿಯರು ಎಷ್ಟು ಗದರಿದರೂ, ಕೊಡಲಿಲ್ಲ. ಅದರ ಮೇಲೆ ಬೇರೆ ತಲೆ ಇಟ್ಟರೆ ಅವರ ಕೊಬ್ಬರಿ ಎಣ್ಣೆಯ ವಾಸನೆ ಹೋದೀತೆಂಬ ಭಯ ನನಗೆ. ಹೋದರೆ ಮತ್ತೆಲ್ಲಿಂದ ತರಲಿ?

ಮೊನ್ನೆ ಕಂಪ್ಲಿಯಿಂದ ನಾದಿನಿ ಗಂಗಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಳು. ಆಪರೇಷನ್ ಮುಗಿಸಿ ಮನೆಗೆ ಬಂದವಳು, ಪಟ್ಟಿ ಇಲ್ಲದ ಒಂದೇ ಕಣ್ಣಿನಿಂದ ಚಿತ್ರವನ್ನು ನೋಡಿ, "ಇವನ ಮನಿಗೆ ಯಾರೋ ಬರೋರದಾರ ನೋಡ್ರಿ ಅತ್ತಿಗಿ, ದಿಂಬು ಹಾಕಿ ಕಾಯಾಕತ್ತಾನ" ಎಂದಳು. ಒಂದೇ ಕಣ್ಣಿಗೆ ಇಷ್ಟು ಕಂಡರೆ ಎರಡೂ ಬಿಟ್ಟಾಗ ಗತಿಯೇನು ಎಂದು ಕಾಡಿಸಿದೆ.

ತಲೆ ಎತ್ತರಿಸಿ ಮಲಗಬೇಕೆಂದು ಡಾಕ್ಟರು ಹೇಳಿದ್ದರು. ನನ್ನ ದಿಂಬೊಂದೇ ಸಾಲದು. ಮನೆಯಲ್ಲಿ ಉಳಿದಿದ್ದದ್ದು ಅವರದು. ನಾನು ಕಪಾಟಿನ ಮುಂದೆ ತಡವರಿಸುವುದನ್ನು ಕಂಡ ಗಂಗಕ್ಕ, "ಬ್ಯಾಡ್ರಿ, ಸೀರಿ ಮಡಚಿ ಇಟ್ಕೋತೀನಿ" ಎಂದಳು. ಆ ಮಾತಿಗೆ ನನ್ನ ಎದೆ ಕರಗಿತು. ಅವಳಿಗೂ ಅವರು ಒಬ್ಬರೇ ಅಣ್ಣ. ದಿಂಬು ತಂದು ಅವಳ ತಲೆಯಡಿ ಇಟ್ಟೆ.

ಅದಕ್ಕೆ ಕೆನ್ನೆಯೊತ್ತಿದವಳು, "ಅಣ್ಣನ ಎಣ್ಣಿ ವಾಸ್ನಿ ಇನ್ನಾ ಐತ್ರಿ" ಎಂದಳು. ಆಮೇಲೆ, "ಡಾಕ್ಟರು ಅಳಬಾರದು ಅಂದಾರ. ನನ್ನ ಪಾಲಿಂದೂ ನೀವ ಅತ್ತುಬಿಡ್ರಿ."

ನಗುತ್ತಲೇ ಇಬ್ಬರ ಪಾಲನ್ನೂ ಅತ್ತೆ.

ಬೆಳಿಗ್ಗೆ ಎದ್ದು ಚೌಕಟ್ಟು ಒರೆಸಿದೆ. ಅದರೊಳಗಿನ ಎರಡನೇ ದಿಂಬು ಹೋದವರದೋ ಬರುವವರದೋ ಎಂಬುದನ್ನು ಚಿತ್ರ ಬರೆದ ಪುಣ್ಯಾತ್ಮನೇ ಹೇಳಬೇಕು; ನನಗೀಗ ತಿಳಿಯುವ ಅವಸರವಿಲ್ಲ. ಅವನ ಗೂಟಕ್ಕೆ ಇವತ್ತಿಗೂ ಒಂದೇ ಟವೆಲ್. ನಮ್ಮದಕ್ಕೆ ಎರಡು, ಗಂಗಕ್ಕನದು ಇನ್ನೂ ಒದ್ದೆಯಾಗಿದೆ.