ಸೌಟಕ್ಕನ ಹನ್ನೆರಡು ಕಿಲೋ

ಬಸ್ ಡಿಪೋದಲ್ಲಿ ನನ್ನಕ್ಕನನ್ನು ಎಲ್ಲರೂ ಸೌಟಕ್ಕ ಎಂದೇ ಕರೆಯುವುದು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ, ಅಲ್ಲೇ ಇರಲಿ. ಡಿಪೋದ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳೇ ಮುಖ್ಯ ಅಡುಗೆಯವಳು. ಡ್ರೈವರುಗಳು, ಕಂಡಕ್ಟರುಗಳು, ಗ್ರೀಸು ಮೆತ್ತಿದ ಕೈಯ ಮೆಕ್ಯಾನಿಕ್ಕುಗಳು, ಒಟ್ಟು ನಾನೂರು ಹೊಟ್ಟೆಗಳು ದಿನಾ ಅವಳನ್ನು ನಂಬಿಕೊಂಡಿವೆ. ಎಡಗೈ ಸೊಂಟದ ಮೇಲಿಟ್ಟು, ಬಲಗೈಯಲ್ಲಿ ಉದ್ದ ಹಿಡಿಯ ಸೌಟು ಹಿಡಿದು ಅವಳು ಒಲೆಗಳ ಸಾಲಿನ ಮುಂದೆ ನಿಂತರೆ ಮ್ಯಾನೇಜರ್ ಕೂಡ ಬಾಗಿಲಾಚೆಯಿಂದಲೇ ಮಾತಾಡಿಸಿ ಹೋಗುತ್ತಾರೆ. ಕೆಲಸ ಗೊತ್ತಿದ್ದವರ ಗತ್ತೇ ಬೇರೆ.

ನಾನು ಅವಳಿಗಿಂತ ಆರು ವರ್ಷ ಚಿಕ್ಕವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಅಂತ ನನಗೆ ಹೆಸರು, ಅದು ಸುಳ್ಳೇನಲ್ಲ. ನಲವತ್ತೊಂದಕ್ಕೆ ನನ್ನ ಎರಡೂ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಆಸ್ಪತ್ರೆಯ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರುವುದೇ ನನ್ನ ಬದುಕಾಯಿತು. ಅಕ್ಕನಿಗೆ ವಿಷಯ ತಿಳಿದಾಗ ಅವಳು ಅಳಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ನನ್ನ ಹತ್ರ ಎರಡಿದೆಯಲ್ಲ, ಒಂದು ತಗೊಳ್ಳಿ" ಎಂದು ಡಾಕ್ಟರ ಮುಂದೆ ಕುಳಿತುಬಿಟ್ಟಳು.

ಪರೀಕ್ಷೆಗಳೆಲ್ಲ ಆದವು. ರಕ್ತ ಹೊಂದಿತು, ಉಳಿದದ್ದೂ ಹೊಂದಿತು. ಕೊನೆಗೆ ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು.

"ಎಂಬತ್ನಾಲ್ಕು," ಅಂದರು ಡಾಕ್ಟರು. "ನಿಮ್ಮ ಎತ್ತರಕ್ಕೆ ಎಪ್ಪತ್ತೆರಡು ದಾಟಬಾರದು. ಇಷ್ಟು ತೂಕ ಹೊತ್ಕೊಂಡು ಒಂದೇ ಕಿಡ್ನೀಲಿ ಬದುಕೋದು ನಿಮಗೆ ಅಪಾಯ. ಹನ್ನೆರಡು ಕಿಲೋ ಇಳಿಸಿ. ಇಳಿಸಿದ ಮೇಲೆ ಎರಡು ತಿಂಗಳು ಅಲ್ಲೇ ನಿಂತು ತೋರಿಸಿ. ಆಮೇಲೆ ಆಪರೇಷನ್ ತಾರೀಕು ಕೊಡ್ತೀನಿ."

ಅಕ್ಕ ನಕ್ಕಳು. "ಹನ್ನೆರಡೇನಾ? ನಾನು ದಿನಾ ಎಳೆದಾಡೋ ಈರುಳ್ಳಿ ಮೂಟೇಲಿ ಕಾಲು ಭಾಗ ಅದು."

ಮೊದಲು ಅವಳು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಊಟ ಬಿಟ್ಟಳು. ಬೆಳಿಗ್ಗೆ ಸಕ್ಕರೆಯಿಲ್ಲದ ಕಾಫಿ, ಮಧ್ಯಾಹ್ನ ಎರಡು ಸೌತೆಕಾಯಿ, ಸಂಜೆ ಒಂದು ಸೇಬು. ಹದಿನೆಂಟು ದಿನಕ್ಕೆ ಐದು ಕಿಲೋ ಇಳಿಯಿತು. ಭಾವ ಅದೇ ಡಿಪೋದಲ್ಲಿ ಕಂಡಕ್ಟರ್. ಹೆಂಡತಿಯ ಸಾಧನೆಯನ್ನು ಬಸ್ಸಿನ ತುಂಬ ಸಾರಿಕೊಂಡು ಬಂದರು. ಹತ್ತೊಂಬತ್ತನೇ ದಿನ ಅಕ್ಕನಿಗೆ ಒಲೆಯ ಮುಂದೆ ಕಣ್ಣು ಕತ್ತಲಿಟ್ಟಿತು. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸು ಹಿಡಿದುಕೊಳ್ಳದಿದ್ದರೆ ಕುದಿಯುವ ಪಾತ್ರೆಯ ಮೇಲೇ ಬೀಳುತ್ತಿದ್ದಳು. ಅಂದು ಸಂಜೆ ಮನೆಗೆ ಬಂದವಳೇ ನಿಂತ ನಿಲುವಿನಲ್ಲಿ ಒಂದು ಇಡೀ ಬ್ರೆಡ್ಡನ್ನು ಬೆಣ್ಣೆ, ಜಾಮಿನ ಜೊತೆ ಮುಗಿಸಿ, ಆಮೇಲೆ ನನಗೆ ಫೋನ್ ಮಾಡಿ ಗೊಳೋ ಎಂದು ಅತ್ತಳು.

"ಜಾಮ್ ಕಂಡ್ರೆ ನಂಗೆ ಆಗೋದೇ ಇಲ್ಲ ಕಣೇ! ಆದ್ರೂ ಬಾಟ್ಲು ನೆಕ್ಕಿದೀನಿ!"

ಹೋದ ಐದೂ ಕಿಲೋ ತಿಂಗಳೊಳಗೆ ಮನೆಗೆ ಮರಳಿದವು.

ಡಾಕ್ಟರು ಅವಳನ್ನು ಆಸ್ಪತ್ರೆಯ ಆಹಾರ ತಜ್ಞೆಯ ಹತ್ತಿರ ಕಳಿಸಿದರು. ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಮಾತ್ರ ಹಳೇ ಕಾಲದ ಹೆಡ್ ಮಾಸ್ಟರು. "ಹಸ್ಕೊಂಡು ಇರೋದು ನಾಳೆಯಿಂದ ಬಂದ್" ಎಂದಳು. "ಹಸಿದ ಹೊಟ್ಟೆ ಒಂದಲ್ಲ ಒಂದಿನ ಸೇಡು ತೀರಿಸ್ಕೊಳ್ಳತ್ತೆ. ನೀವು ಹೊಟ್ಟೆ ತುಂಬ ತಿನ್ನಿ. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಬೇಳೆ, ಕಾಳು ಇಲ್ಲಾ ಮೊಟ್ಟೆ, ಮೀನು. ಉಳಿದ ಕಾಲು ತಟ್ಟೆ ಅನ್ನವೋ ಬ್ರೆಡ್ಡೋ. ದಿನಕ್ಕೆ ಸಾವಿರದ ಐನೂರು ಕ್ಯಾಲೊರಿ. ವಾರಕ್ಕೆ ಅರ್ಧ ಕಿಲೋ ಇಳಿದ್ರೆ ಸಾಕು. ತಿಂದಿದ್ದೆಲ್ಲ ಬರೀಬೇಕು. ಆಸೆಯಾದ್ರೆ ಕೇಕೂ ತಿನ್ನಿ, ಬರೆದು ತಿನ್ನಿ."

ಅಕ್ಕ ಒಂದು ನೋಟ್ ಪುಸ್ತಕ ತಂದಳು. ಹುಟ್ಟಿದಾಗಿನಿಂದ ಎಣ್ಣೆಯನ್ನು ಕೈಯಂದಾಜಿನಲ್ಲೇ ಸುರಿದವಳು ಅಳತೆಯ ಚಮಚಗಳನ್ನೂ ಕೊಂಡಳು. ಮೊದಲ ದಿನವೇ ಅವಳಿಗೆ ಜ್ಞಾನೋದಯವಾಯಿತು.

"ಒಂದು ದೊಡ್ಡ ಚಮಚ ಎಣ್ಣೆ ನೂರಿಪ್ಪತ್ತಂತೆ ಕಣೇ! ನಾನು ಬಾಣಲೆಗೆ ನಾಲ್ಕು ಹಾಕ್ತಿದ್ದೆ. ಇಷ್ಟು ವರ್ಷ ತರಕಾರಿ ತಿಂತಿದೀನಿ ಅಂದ್ಕೊಂಡು ಎಣ್ಣೆ ತಿಂದಿದೀನಿ ನೋಡು."

ಮನೆಯ ಅಡುಗೆ ಬದಲಾಯಿತು. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, ಒಂದು ಬ್ರೆಡ್ಡು. ಮಧ್ಯಾಹ್ನ ಕ್ಯಾಂಟೀನಿಗೆ ಮನೆಯಿಂದಲೇ ಡಬ್ಬಿ. ಬೀನ್ಸು, ಎಲೆಕೋಸು, ಕ್ಯಾರೆಟ್ಟು ಇವನ್ನೆಲ್ಲ ಅವಳು ಒಂದೇ ಚಮಚ ಎಣ್ಣೆಯಲ್ಲಿ ಬಾಯಲ್ಲಿ ನೀರೂರುವಂತೆ ಮಾಡುತ್ತಿದ್ದಳು, ಕೈಗುಣ ಎಲ್ಲಿ ಹೋಗುತ್ತದೆ! ಹಸಿವೂ ಇಲ್ಲ, ತಲೆಸುತ್ತೂ ಇಲ್ಲ. ಒಂದೇ ಒಂದು ತೊಂದರೆ. ಐದು ವಾರ ಕಳೆದರೂ ತಕ್ಕಡಿಯ ಮುಳ್ಳು ಎಂಬತ್ನಾಲ್ಕು ಬಿಟ್ಟು ಜಪ್ಪಯ್ಯ ಅನ್ನಲಿಲ್ಲ.

ಆಹಾರ ತಜ್ಞೆ ಪುಸ್ತಕ ತಿರುವಿ ಹಾಕಿದಳು. "ಎಲ್ಲಾ ಬರೆದಿದ್ದೀರಾ ತಾನೇ?"

"ಬಾಯಿಗೆ ಹೋದದ್ದೆಲ್ಲ ಬರೆದಿದೀನಿ ಮೇಡಂ. ಮಾತ್ರೆ ನುಂಗಿದ್ದೂ ಬರೆದಿದೀನಿ."

ಆಕೆ ಪುಸ್ತಕ ಮುಚ್ಚಿ ವಾಪಸು ಕೊಟ್ಟಳು, ಆದರೆ ನಂಬಲಿಲ್ಲ. ಅಕ್ಕನ ಮುಖ ಸಪ್ಪಗಾಯಿತು.

ಇಲ್ಲಿ ನನ್ನ ಸಣ್ಣತನವನ್ನು ಹೇಳಿಬಿಡಬೇಕು. ನಾನೂ ನಂಬಲಿಲ್ಲ. ಒಂದು ಭಾನುವಾರ ಅವಳು ಸ್ನಾನಕ್ಕೆ ಹೋದಾಗ ಅವಳ ಅಡುಗೆಮನೆಯ ಡಬ್ಬಗಳನ್ನೆಲ್ಲ ತೆಗೆದು ನೋಡಿದೆ. ಕೈಚೀಲವನ್ನೂ ತಡಕಿದೆ. ಒಂದು ಬಾಚಣಿಗೆ, ಬಸ್ ಪಾಸು, ಒಂದು ಕ್ಯಾರೆಟ್ಟು ಸಿಕ್ಕವು. ಕ್ಯಾರೆಟ್ಟನ್ನು ಕೈಯಲ್ಲಿ ಹಿಡಿದು ನಿಂತಾಗಲಾದರೂ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಕ್ಕನಿಗೆ ಮನಸ್ಸು ಬದಲಾಗಿರಬಹುದು, ಬಾಯಿಬಿಟ್ಟು ಹೇಳಲಾರದೆ ತೂಕದ ನೆಪ ಮಾಡುತ್ತಿರಬಹುದು ಎಂಬ ಹುಳ ತಲೆಗೆ ಹೊಕ್ಕಿತ್ತು. ನನಗೆ ಬದುಕಬೇಕಿತ್ತು. ಅದಕ್ಕಾಗಿ ಅಕ್ಕನನ್ನು ಕಳ್ಳಿ ಎಂದುಕೊಳ್ಳಲೂ ತಯಾರಾಗಿದ್ದೆ. ಈಗ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆಸ್ಪತ್ರೆಯಿಲ್ಲದ ಒಂದು ಬೆಳಿಗ್ಗೆ, ಮನೆಯಲ್ಲಿ ಬೇಜಾರು ಎಂದು ಸುಳ್ಳು ಹೇಳಿ ಕ್ಯಾಂಟೀನಿಗೆ ಹೋದೆ. ಅಕ್ಕ ಖುಷಿಯಿಂದ ಈರುಳ್ಳಿಯಾಕೆಯ ಪಕ್ಕ ಸ್ಟೂಲು ಹಾಕಿ ಕೂರಿಸಿದಳು. ಅಲ್ಲಿಂದ ಒಲೆಗಳು, ಉಗ್ರಾಣದ ಬಾಗಿಲು, ಬ್ರೆಡ್ಡಿನ ಬುಟ್ಟಿ ಎಲ್ಲ ಕಾಣುತ್ತಿದ್ದವು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಅಕ್ಕ ಉಗ್ರಾಣದ ಕಡೆ ತಲೆ ಹಾಕಲಿಲ್ಲ. ಬುಟ್ಟಿ ಮುಟ್ಟಲಿಲ್ಲ. ಯಾರೋ ಬಿಸ್ಕತ್ತು ಚಾಚಿದರೆ ಬೇಡವೆಂದಳು. ಒಲೆಯಿಂದ ಒಲೆಗೆ ಓಡಾಡುತ್ತ, ಸೌಟು ಅದ್ದಿ, ಅಂಗೈಗೆ ಸುರಿದುಕೊಂಡು, ಸುರ್ರೆಂದು ಹೀರಿ, "ಉಪ್ಪು ಸಾಲದು" ಎನ್ನುವಳು. ಉಪ್ಪು ಹಾಕಿ ಇನ್ನೊಂದು ಸಲ. ಪಕ್ಕದ ಪಾತ್ರೆ. ಸೌಟು, ಅಂಗೈ, ಸುರ್. ಸೂಪು ಆಯಿತು, ಬೇಳೆ ಆಯಿತು, ಕೋಳಿಯ ಗ್ರೇವಿ, ಆಲೂಗಡ್ಡೆ, ಮತ್ತೆ ಸೂಪು.

ಅರ್ಧ ಗಂಟೆ ಅದನ್ನು ನೋಡುತ್ತಲೇ ಇದ್ದೆ, ನನಗೂ ಹೊಳೆಯಲಿಲ್ಲ. ಅಡುಗೆಯವಳು ರುಚಿ ನೋಡುವುದರಲ್ಲಿ ನೋಡುವಂಥದ್ದೇನಿದೆ? ಹತ್ತನೇ ಸಲವೋ ಹನ್ನೊಂದನೇ ಸಲವೋ ಅವಳು ಹೀರಿದಾಗ ಥಟ್ಟನೆ ಹೊಳೆಯಿತು.

"ಅಕ್ಕಾ, ಇದನ್ನ ಬರೀತೀಯಾ?"

"ಯಾವುದನ್ನ?"

"ಈಗ ಕುಡಿದ್ಯಲ್ಲ."

"ಅಯ್ಯೋ, ಅದು ಕೆಲಸ ಕಣೇ. ಊಟ ಅಲ್ಲ!"

ಅವಳು ಅದನ್ನು ಎಷ್ಟು ನಂಬಿಕೆಯಿಂದ ಹೇಳಿದಳೆಂದರೆ ಒಂದು ಕ್ಷಣ ನನಗೂ ಹೌದೆನಿಸಿತು. ನಾನು ಎದ್ದು ಹೋಗಿ ಹಾಲು ಅಳೆಯುವ ಜಗ್ಗನ್ನು ತಂದು ಒಲೆಯ ಪಕ್ಕ ಇಟ್ಟೆ. ಅಂಗೈಗೆ ಎಷ್ಟು ಸುರಿದುಕೊಳ್ಳುತ್ತಾಳೋ ಅಷ್ಟನ್ನೇ ಜಗ್ಗಿಗೂ ಸುರಿಯಬೇಕು ಎಂದೆ. "ನಿಂಗೆ ಹುಚ್ಚು" ಎಂದು ಅವಳು ನಕ್ಕಳು, ಆದರೂ ಸುರಿದಳು. ಕೆಲಸದ ಭರದಲ್ಲಿ ಅವಳು ಮರೆತಾಗೆಲ್ಲ ಈರುಳ್ಳಿಯಾಕೆ "ಜಗ್ಗು, ಜಗ್ಗು!" ಎಂದು ಕೂಗುವಳು.

ಮಧ್ಯಾಹ್ನ ಎರಡಕ್ಕೆ ಕೊನೆಯ ಪಂಗಡದ ಊಟ ಮುಗಿಯಿತು. ಜಗ್ಗಿನಲ್ಲಿ ಕೆಂಪು, ಹಳದಿ, ಕಂದು ಎಲ್ಲ ಬೆರೆತ ದ್ರವ ಒಂದು ಲೀಟರಿನ ಗೆರೆ ದಾಟಿ ನಿಂತಿತ್ತು. ಮೇಲೆ ಎಣ್ಣೆ ತೇಲುತ್ತಿತ್ತು. ಅಕ್ಕ ಬಗ್ಗಿ ನೋಡಿದಳು.

"ಇಷ್ಟೊಂದನ್ನ ಯಾರು ಕುಡಿದಿದ್ದು?"

"ನೀನು."

ಅವಳು ಈರುಳ್ಳಿ ಮೂಟೆಯ ಮೇಲೆ ಕುಕ್ಕರಿಸಿದಳು. ಬಾಯಿ ತೆರೆದೇ ಇತ್ತು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು, ಭುಜ ಕುಲುಕತೊಡಗಿತು, ನೋಡಿದರೆ ನಗುತ್ತಿದ್ದಾಳೆ. ನನಗೂ ತಡೆಯಲಾಗಲಿಲ್ಲ. ಈರುಳ್ಳಿಯಾಕೆಯ ಕಣ್ಣಲ್ಲಿ ಆಗಲೇ ನೀರಿತ್ತು, ನಗುವಿಗೋ ಈರುಳ್ಳಿಗೋ ಗೊತ್ತಿಲ್ಲ. ಆಹಾರ ತಜ್ಞೆಗೆ ಫೋನಿನಲ್ಲಿ ಅಳತೆ ಹೇಳಿದೆವು. ಆಕೆ ಲೆಕ್ಕ ಹಾಕಿ, ಹತ್ತಿರ ಹತ್ತಿರ ಏಳುನೂರು ಕ್ಯಾಲೊರಿ ಎಂದಳು. "ನಿಮ್ಮಕ್ಕನ ಹತ್ರ ನಾನು ಕ್ಷಮೆ ಕೇಳ್ಬೇಕು" ಎಂದೂ ಸೇರಿಸಿದಳು. ಆ ಮಾತು ನನಗೇ ತಾಗಿತು.

ಕಳ್ಳ ಸಿಕ್ಕ, ಆದರೆ ಅವನನ್ನು ಓಡಿಸುವುದು ಸುಲಭವಾಗಿರಲಿಲ್ಲ. ರುಚಿ ನೋಡದೆ ಅಡುಗೆ ಇಳಿಸುವವಳಲ್ಲ ಅಕ್ಕ. ಸೌಟಿನ ಬದಲು ಟೀ ಚಮಚ ಹಿಡಿದಳು. ಕುದಿಯುವಾಗ ಐದು ಸಲ ನೋಡುವುದು ಬಿಟ್ಟು, ಇಳಿಸುವ ಮುಂಚೆ ಒಂದೇ ಸಲ ಎಂದು ನಿಯಮ ಮಾಡಿಕೊಂಡಳು. ಮೊದಲ ವಾರ ಫಜೀತಿಯೋ ಫಜೀತಿ. ಸೋಮವಾರದ ಬೇಳೆಗೆ ಉಪ್ಪೇ ಇಲ್ಲ, ಮಂಗಳವಾರದ್ದರಲ್ಲಿ ಎರಡು ದಿನದ ಉಪ್ಪು. "ಸೌಟಕ್ಕಾ, ಯಾರ ಮೇಲಿನ ಕೋಪ ಇದು?" ಎಂದು ಡ್ರೈವರೊಬ್ಬ ತಟ್ಟೆ ಹಿಡಿದುಕೊಂಡೇ ಒಳಗೆ ಬಂದ. ಅಕ್ಕ ಅವನಿಗೆ ವಿಷಯ ಹೇಳಿದಳು. ಸಂಜೆಯೊಳಗೆ ಇಡೀ ಡಿಪೋಗೆ ಗೊತ್ತಾಯಿತು.

ಆಗಲೇ ಅಕ್ಕ ಇಪ್ಪತ್ತೆರಡು ವರ್ಷದಲ್ಲಿ ಮಾಡದ ಕೆಲಸ ಮಾಡಿದ್ದು. ಚಮಚವನ್ನು ಈರುಳ್ಳಿಯಾಕೆಯ ಕೈಗೆ ಕೊಟ್ಟು, "ನೀನೇ ನೋಡು, ಉಪ್ಪು ಹೇಗಿದೆ ಹೇಳು" ಎಂದಳು. ತನ್ನ ಪಾತ್ರೆಗೆ ಇನ್ನೊಬ್ಬರ ನಾಲಿಗೆ ತಾಗಿಸಲು ಬಿಡದವಳು! ಆ ಹೆಂಗಸು ಹೆದರುತ್ತ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, "ಹುಳಿ ಒಂಚೂರು ಬೇಕು" ಎಂದಳು. ಅಕ್ಕ ನೋಡಿದರೆ ಹೌದು, ಹುಳಿಯೇ ಬೇಕಿತ್ತು. ಅಂದಿನಿಂದ ಅರ್ಧ ಪಾತ್ರೆಗಳ ಯಜಮಾನಿಕೆ ಆಕೆಗೆ ಹೋಯಿತು. ಅಕ್ಕನ ಪುಸ್ತಕದಲ್ಲಿ ಪ್ರತಿದಿನದ ಮೊದಲ ಸಾಲು ಹೀಗಿರುತ್ತಿತ್ತು: ರುಚಿ ನೋಡಿದ್ದು, ನೂರು. ಉಳಿದ ಸಾವಿರದ ನಾನೂರನ್ನು ಅವಳು ಕೂತು, ತಟ್ಟೆ ಇಟ್ಟುಕೊಂಡು, ಅಗಿದು ತಿಂದಳು. ಹೀಗೆ ಕೂತು ತಿಂದರೆ ಊಟ ಇಷ್ಟು ರುಚಿ ಇರತ್ತೆ ಅಂತ ಗೊತ್ತೇ ಇರಲಿಲ್ಲ ಎನ್ನುವಳು.

ಮುಳ್ಳು ಅಲುಗಿತು. ಪ್ರತಿ ಸೋಮವಾರ ಡಿಪೋದ ಪಾರ್ಸೆಲ್ ತಕ್ಕಡಿಯ ಮೇಲೆ ಅಕ್ಕ ಹತ್ತುವುದೂ, ಸುತ್ತ ಜನ ಸೇರುವುದೂ ವಾಡಿಕೆಯಾಯಿತು. ಭಾವ ಕಂಡಕ್ಟರ್ ದನಿಯಲ್ಲಿ ಕೂಗುವರು: "ಎಂಬತ್ತು, ಎಂಬತ್ತು! ಇಳಿಯೋರು ಬೇಗ ಇಳೀರಿ! ಮುಂದೆ ಎಪ್ಪತ್ತೊಂಬತ್ತು!" ಎಲ್ಲರೂ ಶಿಳ್ಳೆ ಹೊಡೆಯುವರು. ಎಪ್ಪತ್ತೈದರಲ್ಲಿ ಬಂಡಿ ಮೂರು ವಾರ ಕೆಟ್ಟು ನಿಂತಿತು. ಮೈ ಸಣ್ಣದಾದ ಮೇಲೆ ಅದಕ್ಕೆ ಬೇಕಾಗುವುದೂ ಕಡಿಮೆ, ಗಾಬರಿ ಬೇಡ, ಸ್ವಲ್ಪ ನಡೆಯಿರಿ ಎಂದು ಆಹಾರ ತಜ್ಞೆ ಹೇಳಿದಳು. ಕಂಡಕ್ಟರನ ಹೆಂಡತಿ ಎರಡು ಸ್ಟಾಪು ಮೊದಲೇ ಇಳಿದು ನಡೆದು ಬರತೊಡಗಿದಳು. ಹಿರಿಯ ಮೆಕ್ಯಾನಿಕ್ ನಿವೃತ್ತನಾದ ದಿನ ಪುಸ್ತಕದಲ್ಲಿ "ಕೇಕು, ಒಂದು ತುಂಡು, ಚೆನ್ನಾಗಿತ್ತು" ಎಂದು ಬರೆದಳು. ಎರಡನೇ ತುಂಡು ಯಾಕೆ ಬೇಡ ಅಂದೆ ಎಂದು ಕೇಳಿದೆ. "ಮೊದಲನೇದೇ ಸಾಕಾಯ್ತು ಕಣೇ" ಎಂದಳು, ತನಗೇ ಆಶ್ಚರ್ಯವಾದವಳಂತೆ. ಅವಳ ರವಿಕೆಗಳನ್ನು ನಾನು ನಾಲ್ಕು ಸಲ ಬಿಗಿ ಮಾಡಿಕೊಟ್ಟೆ. ಅಷ್ಟು ಖುಷಿಯಿಂದ ನಾನು ಯಾರ ಬಟ್ಟೆಯನ್ನೂ ಹೊಲಿದಿಲ್ಲ.

ಜಗ್ಗು ಇಟ್ಟ ದಿನದಿಂದ ಎಂಟನೇ ತಿಂಗಳಿಗೆ ಎಪ್ಪತ್ತೊಂದೂವರೆ. ಮುಂದಿನ ಎರಡು ತಿಂಗಳು ಅದೇ ಎಪ್ಪತ್ತೊಂದೂವರೆ, ಒಮ್ಮೆ ಎಪ್ಪತ್ತೊಂದು. ಡಾಕ್ಟರು ತಾರೀಕು ಕೊಟ್ಟರು. ಆಪರೇಷನ್ ಆಯಿತು. ಅಕ್ಕನ ಕಿಡ್ನಿ ನನ್ನೊಳಗೆ ಮೊದಲ ದಿನವೇ ಕೆಲಸಕ್ಕೆ ಹಾಜರಾಯಿತು, ಅದೂ ಅವಳ ಹಾಗೆಯೇ.

ಐದನೇ ದಿನ ಅಕ್ಕನನ್ನು ಮನೆಗೆ ಕಳಿಸುವ ಮುಂಚೆ ನರ್ಸು ತೂಕ ನೋಡಿ ಬರೆದುಕೊಂಡಳು. ಅಕ್ಕ ಹೊಲಿಗೆ ಹಿಡಿದುಕೊಂಡು ಬಗ್ಗಿ ನೋಡಿ ತಕರಾರು ತೆಗೆದಳು. "ಸಿಸ್ಟರ್, ಕಿಡ್ನಿ ತೂಕಾನೂ ಸೇರಿಸಿ ಬರೀರಿ. ಅದು ನಾನು ಇಳಿಸಿದ್ದಲ್ಲ, ಕೊಟ್ಟಿದ್ದು."

ನರ್ಸು ನಗುತ್ತ ಹೋದಳು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಇನ್ನು ತಡೆಯಲಾಗಲಿಲ್ಲ, ಹೇಳಿಬಿಟ್ಟೆ. "ಅಕ್ಕಾ, ಆವತ್ತು ನಾನು ಕ್ಯಾಂಟೀನಿಗೆ ಬಂದಿದ್ದು ಬೇಜಾರಾಗಿ ಅಲ್ಲ. ನೀನು ಕದ್ದು ತಿಂತಿದೀಯ, ನಂಗೆ ಕೊಡೋಕೆ ನಿಂಗಿಷ್ಟ ಇಲ್ಲ ಅಂತ ಹಿಡಿಯೋಕೆ ಬಂದಿದ್ದೆ."

ಅಕ್ಕ ಮೆಲ್ಲಗೆ ನನ್ನ ಹಾಸಿಗೆಯ ಅಂಚಿನಲ್ಲಿ ಕುಳಿತಳು.

"ನಂಗೂ ಅದೇ ಭಯ ಇತ್ತು ಕಣೇ" ಎಂದಳು. "ಬಾಯಲ್ಲಿ ಕೊಡ್ತೀನಿ ಕೊಡ್ತೀನಿ ಅಂತೀನಿ, ಒಂದು ಗ್ರಾಂ ಇಳಿಯೋದಿಲ್ಲ. ನನ್ನ ಮೈಗೇ ನಿಂಗೆ ಕೊಡೋ ಮನಸ್ಸಿಲ್ವೇನೋ, ನಂಗೇ ಗೊತ್ತಿಲ್ದೆ ನಾನು ಅಂಥವಳೇನೋ ಅಂತ ಎಷ್ಟು ಸಲ ಅತ್ತಿದೀನಿ ಗೊತ್ತಾ? ಆ ಜಗ್ಗು ನೋಡಿದಾಗ ನಾನು ಯಾಕೆ ನಕ್ಕೆ ಅಂದ್ಕೊಂಡೆ? ಬರೀ ಸೂಪು ಕಣೇ ಅದು. ಬರೀ ಸೂಪು!"

ಅವಳು ಮತ್ತೆ ನಗತೊಡಗಿದಳು. ನಕ್ಕರೆ ಹೊಲಿಗೆ ನೋಯುತ್ತದೆ ಎಂದು ಇಬ್ಬರೂ ಒಬ್ಬರನ್ನೊಬ್ಬರು ಗದರಿಸಿಕೊಂಡು, ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, ಭಾವ ಕರೆದೊಯ್ಯಲು ಬರುವವರೆಗೂ ನಕ್ಕೆವು.