ಹೊಲದ ಬದನೆಕಾಯಿ

ಕಲ್ಲೋಳಿಯಲ್ಲಿ ನಾನು ಸೊಸೆಯಾಗಿ ಬಂದ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಹಾಗೆಂದು ಊರು ನಂಬಿದೆ, ದೇವರೂ ನಂಬಿರಬೇಕು. ತಿಂಗಳಿಗೊಂದು ಭಾನುವಾರ ನನ್ನ ಗಂಡ, ಮಾವ ಹೊಲದಲ್ಲಿ ಬದನೆಕಾಯಿ ಅಡುಗೆ ಮಾಡುತ್ತಾರೆ. ಬದನೆಕಾಯಿ ಅಂದರೆ ಕುರಿಯ ಮಾಂಸವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅದರ ಪಾತ್ರೆ ಪಂಪ್‌ಸೆಟ್ಟಿನ ಶೆಡ್ಡಿನಲ್ಲೇ ಇರುತ್ತದೆ, ಮನೆಯ ಹೊಸಿಲು ದಾಟುವುದಿಲ್ಲ. ಒಣಕೊಬ್ಬರಿ, ಗಸಗಸೆ, ಲವಂಗ ಹುರಿದು ಮಸಾಲೆ ಅರೆಯುವುದು ಮಾತ್ರ ನಮ್ಮ ಅಡುಗೆಮನೆಯಲ್ಲಿ, ನನ್ನ ಕೈಯಿಂದ. ಸಂಜೆ ಅವರು ಬರುವಷ್ಟರಲ್ಲಿ ಸ್ನಾನದ ನೀರನ್ನೂ ನಾನೇ ಕಾಯಿಸಿಡಬೇಕು. ಮಿಂದು ವಿಭೂತಿ ಹಚ್ಚಿಕೊಂಡರೆ ಮುಗಿಯಿತು, ತಿಂದದ್ದು ತಿಂದಂತಲ್ಲ.

ನಾನು ಬಸುರಿಯಾದಾಗ ಘಟಪ್ರಭೆಯ ಡಾಕ್ಟರು ರಕ್ತ ಕಡಿಮೆಯಿದೆ, ದಿನಾ ಮೊಟ್ಟೆ ತಿನ್ನಿ ಎಂದರು. ಮನೆಗೆ ಬಂದು ಅತ್ತೆಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವರ ಕೈ ನಿಲ್ಲಲಿಲ್ಲ.

"ತತ್ತಿ ಹೆಸರ ಈ ಮನ್ಯಾಗ ತಗೀಬ್ಯಾಡ. ಶೇಂಗಾ ತಿನ್ನು, ಬೆಲ್ಲ ತಿನ್ನು. ನಾವೆಲ್ಲ ಹಡದಿಲ್ಲೇನು?"

"ಮತ್ತ ಹೊಲದಾಗ ಅವರು ಏನ್ ತಿಂತಾರ್ರಿ ಅತ್ತಿ?" ಎಂದೆ.

"ಬದನಿಕಾಯಿ" ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದರು. ಅದು ಉಬ್ಬಿದ ಮೇಲೆ ತೆಗೆದು ಬುಟ್ಟಿಗೆ ಹಾಕಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ನಾಳೆ ಹೊಲಕ್ಕ ಹೊಂಟಾರ. ಮಸಾಲಿ ಅರಿಯೂ ಮುಂದ ಜರಾ ಖಾರ ಹೆಚ್ಚ ಹಾಕು. ಹ್ವಾದ ಸಲ ಎಲುವಿನ ಸಾರು ಸಪ್ಪಗ ಆಗಿತ್ತಂತ."